ಸುಣ್ಣಕ್ಕೆ ಹಾಕುವ ಬೆಲ್ಲ

ಮುಂಬೈ ಪಕ್ಕದ ಠಾಣೆಯ ಕೋಪರಿಯಲ್ಲಿ ನಮ್ಮ ಚಾಳಿನ ಗೋಡೆಗಳಿಗೆ ಇವತ್ತು ಸುಣ್ಣ ಹೊಡೆಯುತ್ತಿದ್ದಾರೆ. ಆ ಹಸಿ ವಾಸನೆಯ ನಡುವೆ ನನ್ನ ತಮ್ಮ ಎಡಗೈಯಲ್ಲಿ ಚಹಾ ಕುಡಿಯುತ್ತ ಕೂತಿದ್ದಾನೆ.

ನಾವು ಸಣ್ಣವರಿದ್ದಾಗ, ಕಲಬುರ್ಗಿಯಿಂದ ಬಂದ ಹೊಸತರಲ್ಲಿ, ಅವ್ವ ಠಾಣೆಯ ಹಳೇ ಚರ್ಚಿನ ದುರಸ್ತಿಗೆ ಗಾರೆ ಹೊರುತ್ತಿದ್ದಳು. ಸುಣ್ಣದ ಆ ಗಾರೆಗೆ ಅಂಟು ಬರಲೆಂದು ಬೆಲ್ಲ ಹಾಕಿ ಕಲಸುತ್ತಿದ್ದರು. “ಪೋರ್ಚುಗೀಜರು ತಮ್ಮ ದೇಶದಾಗ ಕಟ್ಟಿದಂಗೇ ಇಲ್ಲೂ ಕಟ್ಟ್ಯಾರ. ಆ ಕಮಾನ್ ನೋಡ್ರಿ, ಕಲ್ಲಿಗೆ ಕಲ್ಲು ಒರಗಿ ನಿಂತಾವ. ಸಿಮೆಂಟ್ ಹಚ್ಚಿದ್ರ ಈ ಗ್ವಾಡಿಗಿ ಉಸುರು ಕಟ್ತದ,” ಎನ್ನುತ್ತಿದ್ದ ಮೇಸ್ತ್ರಿ. ಗೋಡೆ ಎಷ್ಟು ದಪ್ಪವಿತ್ತೆಂದರೆ ಕಿಟಕಿಯ ಗೂಡಿನಲ್ಲಿ ನಾವಿಬ್ಬರೂ ಮಲಗಬಹುದಿತ್ತು.

ಒಂದು ಮಧ್ಯಾಹ್ನ ಅಲ್ಲೇ ಹಸಿದು ಕೂತಿದ್ದಾಗ ತಮ್ಮನಿಗೆ, “ನೀ ಸಣ್ಣಾವ, ನಿನಗ ಯಾರೂ ಬೈಯಂಗಿಲ್ಲ. ಬೆಲ್ಲ ತಗೊಂಡು ಬಾ,” ಎಂದೆ. ಅವನು ಒಂದು ತುಂಡು ತಂದು ನನಗೆ ಕೊಟ್ಟು, ತನಗೊಂದು ತರಲು ಮತ್ತೆ ಹೋದ. ಬೆಲ್ಲದ ಪಕ್ಕದಲ್ಲೇ, ನೀರು ಬಿದ್ದ ಸುಣ್ಣ ಕುದಿಯುತ್ತ ಅರಳುವ ಗುಂಡಿಯಿತ್ತು. ಕಾಲು ಜಾರಿ ಅವನ ಬಲಗೈ ಮೊಣಕೈವರೆಗೆ ಅದರೊಳಗೆ ಹೋಯಿತು.

ಅವ್ವ ಓಡಿಬಂದು ಕೊಡಗಟ್ಟಲೆ ನೀರು ಸುರಿದಳು. “ಅಲ್ಲಿಗ್ಯಾಕ ಹೋಗಿದ್ಯೋ? ಯಾರ್ ಕಳಿಸಿದ್ರು?”

“ಯಾರೂ ಇಲ್ಲವ್ವಾ. ನನಗ ಬೆಲ್ಲ ಬೇಕಾಗಿತ್ತು,” ಎಂದ ಅವನು, ನನ್ನನ್ನೇ ನೋಡುತ್ತ.

ಬೆಲ್ಲ ಇನ್ನೂ ನನ್ನ ಬಾಯಲ್ಲಿತ್ತು. ಅದು ಪೂರ್ತಿ ಕರಗುವವರೆಗೂ ನಾನು ತುಟಿ ಬಿಚ್ಚಲಿಲ್ಲ.