ಬಿಳಿ ಚೀಲ

ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಮಾಡುವ ಅತ್ತಿಗೆ ಬೆಳಗಿನ ಮೊದಲ ಬಿಳಿ ಚೀಲ ಬಿಚ್ಚಿದರೆ, ಎಲ್ಲಕ್ಕಿಂತ ಮೇಲೆ ಇದ್ದದ್ದು ಅವಳ ಮನೆಯದೇ ಚಾದರ. ನೇರಳೆ ಬಣ್ಣ, ಅಂಚಿಗೆ ಅವಳೇ ಹಾಕಿದ ಹೊಲಿಗೆ. ನಿನ್ನೆ ಸಂಜೆ ತಾನೇ ಅದನ್ನು ವಾಂತಿಭೇದಿ ವಾರ್ಡಿಗೆ ಒಯ್ದು, ಅಲ್ಲಿ ಮಲಗಿದ್ದ ನಾದಿನಿಗೆ ಹೊದಿಸಿ ಬಂದಿದ್ದಳು. ಈಗ ಅದು ತೊಯ್ದು ನಾರುತ್ತಿತ್ತು. ಒಳಗೆ ಹಾಕಲು ಹೋದ ಕೈಯನ್ನು ಅತ್ತಿಗೆ ಬೆಂಕಿ ಮುಟ್ಟಿದವಳಂತೆ ಹಿಂದಕ್ಕೆ ಎಳೆದುಕೊಂಡಳು.

ಇಲ್ಲಿನ ನಿಯಮ ಎಳೆಮಕ್ಕಳಿಗೂ ಅರ್ಥವಾಗುವಂಥದ್ದು. ಅಂಟುರೋಗದವರ ಬಟ್ಟೆ ಕೆಂಪು ಚೀಲದಲ್ಲಿ ಬರಬೇಕು. ಅದನ್ನು ಯಾರೂ ಬಿಚ್ಚುವುದಿಲ್ಲ; ಹಾಗೇ ಕುದಿನೀರಿನ ಮಿಷನ್ನಿಗೆ ನೂಕಿದರೆ ಚೀಲ ಒಳಗೇ ಕರಗಿಹೋಗುತ್ತದೆ. ಬಿಳಿ ಚೀಲದ್ದು ಮಾಮೂಲಿ ಬಟ್ಟೆ. ಅದನ್ನು ಮೇಜಿನ ಮೇಲೆ ಸುರಿದು, ಹೊದಿಕೆ, ದಿಂಬಿನ ಕವರು, ನಿಲುವಂಗಿ ಎಂದು ಕೈಯಲ್ಲೇ ಬೇರೆ ಮಾಡುತ್ತಾರೆ. ಮೂರು ವಾರದಿಂದ ಒಂದೇ ಒಂದು ಕೆಂಪು ಚೀಲ ಬಂದಿರಲಿಲ್ಲ. ಸದ್ಯ, ರೋಗ ತೊಲಗಿತು ಎಂದುಕೊಂಡು ಅತ್ತಿಗೆ, ನಾದಿನಿ, ಇನ್ನಿಬ್ಬರು ಹೆಂಗಸರು, ನಾಲ್ವರೂ ಧೈರ್ಯವಾಗಿ ಕೈ ಹಾಕಿದ್ದೇ ಹಾಕಿದ್ದು. ಮೊನ್ನೆ ಮೇಜಿನ ಆ ಬದಿ ನಿಂತಿದ್ದ ನಾದಿನಿ ಕುಸಿದು ಬಿದ್ದಳು. ಉಳಿದ ಇಬ್ಬರಲ್ಲಿ ಒಬ್ಬಳು ತುಂಬು ಬಸುರಿ.

"ಸಿಸ್ಟರ್, ಇದು ಯಾವ ವಾರ್ಡಿಂದು?"

ಚೀಲದ ಗಾಡಿ ತಳ್ಳಿಕೊಂಡು ಬಂದಿದ್ದ ನರ್ಸು ಚಾದರ ನೋಡಿ ತಲೆ ತಗ್ಗಿಸಿದಳು. "ನಮ್ದೇ."

"ಮತ್ತೆ ಬಿಳಿ ಚೀಲಕ್ಕೆ ಯಾಕೆ ತುಂಬಿದ್ರಿ?"

"ದೊಡ್ಡ ಡಾಕ್ಟರು ಕೆಂಪು ಚೀಲ ಕೊಟ್ರೆ ತಾನೇ ತುಂಬೋದು? ಒಂದು ಕೆಂಪು ಚೀಲ ಕೆಳಗೆ ಇಳಿದ್ರೆ ಒಂದು ಸೋಂಕು ಅಂತ ಮೇಲಿನೋರಿಗೆ ಲೆಕ್ಕ ಹೋಗುತ್ತಂತೆ. ಈ ತಿಂಗಳು ಸೊನ್ನೆ ತೋರಿಸ್ಬೇಕಂತೆ. ಸೋಂಕಿಲ್ಲದ ಆಸ್ಪತ್ರೆ ಅಂತ ಪ್ರಶಸ್ತಿ ಬರೋದಿದೆಯಂತೆ. ನಾನೇನು ಮಾಡ್ಲಿ ಅತ್ತಿಗೆ, ಕೇಳಿದ್ದಕ್ಕೆ ಎಲ್ಲರೆದುರು ಬೈಸಿಕೊಂಡೆ." ಲಾಂಡ್ರಿಯಿಂದ ವಾರ್ಡಿನವರೆಗೆ ಎಲ್ಲರ ಬಾಯಲ್ಲೂ ಅವಳು ಅತ್ತಿಗೆಯೇ, ನಾದಿನಿ ಕರೆಯುವುದನ್ನು ಕೇಳಿ ಕೇಳಿ ಅಂಟಿದ ಹೆಸರು.

ಆಹಾ, ಎಂಥ ತಲೆ! ಚೀಲದ ಬಣ್ಣ ಬದಲಿಸಿ ರೋಗ ಓಡಿಸಿದ ಮಹಾನುಭಾವರು! ಅತ್ತಿಗೆಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. ಚೀಲಕ್ಕೆ ಮತ್ತೆ ಎರಡು ಗಂಟು ಬಿಗಿದು, ಮುಚ್ಚಳವಿದ್ದ ಬಕೆಟ್ಟಿನಲ್ಲಿಟ್ಟಳು. ಮೊಣಕೈವರೆಗೆ ಸೋಪು ಹಚ್ಚಿ ಎರಡೆರಡು ಸಲ ತೊಳೆದುಕೊಂಡಳು. "ನಡೀರಿ ಸಿಸ್ಟರ್, ಮೇಲೆ ಹೋಗೋಣ" ಎಂದವಳೇ ಬಕೆಟ್ಟು ಹಿಡಿದು ಮೆಟ್ಟಿಲು ಹತ್ತಿದಳು. ನರ್ಸು ಒಲ್ಲದ ಮನಸ್ಸಿನಿಂದ ಹಿಂದೆ ನಡೆದಳು.

ದೊಡ್ಡ ಡಾಕ್ಟರು ಮೇಜಿನ ಮೇಲೆ ತಿಂಗಳ ವರದಿ ಹರಡಿಕೊಂಡು ಸಹಿ ಹಾಕುತ್ತಿದ್ದರು. ಪ್ರಶಸ್ತಿ ಇನ್ನೂ ಬಂದಿರಲಿಲ್ಲ, ಆದರೆ ಅದನ್ನು ತೂಗುಹಾಕಲು ಬೆನ್ನ ಹಿಂದಿನ ಗೋಡೆಗೆ ಮೊಳೆ ಹೊಡೆಸಿ ಆಗಿತ್ತು.

"ಏನಮ್ಮಾ, ಲಾಂಡ್ರಿಯೋರು ಹೀಗೆಲ್ಲ ಒಳಗೆ ನುಗ್ಗೋ ಹಾಗಿಲ್ಲ."

"ಒಂದೇ ಮಾತು ಸಾರ್. ನಮ್ಮ ನಾದಿನಿಗೆ ಈ ಕಾಯಿಲೆ ಎಲ್ಲಿಂದ ಬಂತು?"

"ಓ, ಆ ಹುಡುಗೀನಾ? ಹೊರಗೆಲ್ಲೋ ಕೆಟ್ಟ ನೀರು ಕುಡಿದಿರ್ತಾಳೆ. ನಮ್ಮಲ್ಲಂತೂ ಸೋಂಕು ಅನ್ನೋದೇ ಇಲ್ಲ. ಇಲ್ನೋಡು, ವರದೀಲೇ ಇದೆ."

"ಒಂದೇ ಮನೇಲಿ ಒಂದೇ ಕೊಡದ ನೀರು ಕುಡಿಯೋರು ಸಾರ್ ನಾವು. ನನಗೆ ಬರಲಿಲ್ಲ, ನನ್ನ ಗಂಡಂಗೆ ಬರಲಿಲ್ಲ, ಮಕ್ಕಳಿಗೆ ಬರಲಿಲ್ಲ. ನೀರು ಅವಳೊಬ್ಬಳನ್ನೇ ಹುಡುಕಿಕೊಂಡು ಬಂತಾ?"

"ನೋಡಮ್ಮಾ, ವಾದ ಮಾಡೋಕೆ ನನಗೆ ಪುರುಸೊತ್ತಿಲ್ಲ" ಎಂದು ಡಾಕ್ಟರು ಇನ್ನೊಂದು ಹಾಳೆ ತಿರುವಿದರು. ಅಲ್ಲೊಂದು ಜೀವ ಹೋಗಲೋ, ಇರಲೋ ಎನ್ನುತ್ತಿದೆ. ಈ ಮನುಷ್ಯನಿಗೆ ಪುರುಸೊತ್ತಿಲ್ಲ! ಅತ್ತಿಗೆ ಬಕೆಟ್ಟಿನ ಮುಚ್ಚಳ ತೆಗೆದು, ಚೀಲವನ್ನು ಎತ್ತಿ, ಆ ವರದಿಯ ಮೇಲೇ ಇಟ್ಟಳು.

"ಏನಿದು?"

"ಬಿಳಿ ಚೀಲ ಸಾರ್. ನಿಮ್ಮ ವಾಂತಿಭೇದಿ ವಾರ್ಡಿಂದ ಈಗ ತಾನೇ ಬಂತು. ನಾವು ದಿನಾ ಐವತ್ತಕ್ಕೆ ಕೈ ಹಾಕ್ತೀವಿ, ನೀವು ಇದೊಂದಕ್ಕೆ ಹಾಕಿ. ಒಳಗೆ ನಮ್ಮ ನಾದಿನಿ ಚಾದರ ಇದೆ. ಸೋಂಕಿಲ್ಲ ಅಂದ್ರಲ್ಲ, ನಿಮ್ಮ ಕೈಯಾರೆ ತೆಗೆದುಕೊಡಿ. ಕೆಳಗೆ ತಗೊಂಡು ಹೋಗಿ ನಮ್ಮ ಲಾಂಡ್ರಿಯ ಬಸುರಿ ಹೆಂಗಸಿಗೆ ಹೊದಿಸ್ತೀನಿ."

ದೊಡ್ಡ ಡಾಕ್ಟರು ಎದ್ದ ರಭಸಕ್ಕೆ ಕುರ್ಚಿ ಗೋಡೆಗೆ ಬಡಿಯಿತು. ಎರಡೂ ಕೈಗಳನ್ನು ಎದೆಗೆ ಒತ್ತಿಕೊಂಡು ಕಿಟಕಿಯವರೆಗೆ ಸರಿದರು. ಅಷ್ಟು ಓದಿದವರಿಗೆ ಒಳಗೇನಿದೆ ಎಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ತೆಗಿ, ತೆಗಿ ಅದನ್ನ! ಬುದ್ಧಿ ಇದೆಯಾ ನಿನಗೆ? ಅಂಟುರೋಗದ ಬಟ್ಟೆ ತಂದು ಮೇಜಿನ ಮೇಲೆ ಇಡ್ತಾರಾ? ಸಿಸ್ಟರ್, ಏನು ನೋಡ್ತಾ ನಿಂತಿದ್ದೀರಿ? ಬೇಗ ಹೋಗಿ ಒಂದು ಕೆಂಪು ಚೀಲ ತನ್ನಿ!"

ನರ್ಸು ಅಲುಗಲಿಲ್ಲ. ಅಷ್ಟು ಹೊತ್ತೂ ನೆಲ ನೋಡುತ್ತಿದ್ದವಳು ಮೊದಲ ಸಲ ಅವರ ಮುಖ ನೋಡಿದಳು.

"ಕೆಂಪು ಚೀಲ ಎಲ್ಲಾ ನಿಮ್ಮ ಬೀರುವಲ್ಲೇ ಇವೆ ಸಾರ್. ಬೀಗದಕೈ ನಿಮ್ಮ ಜೇಬಲ್ಲಿದೆ."