ಯಾನ್ ಅಳುತ್ತಿದ್ದುದು ಯಾಕೆ

ಊರನ್ನು ಶತ್ರುಗಳಿಂದ ಬಿಡಿಸುವಾಗ ಸತ್ತ ಹೊರದೇಶದ ಸೈನಿಕರು ವರ್ಷಕ್ಕೊಮ್ಮೆ ಗೋರಿಯಿಂದೆದ್ದು, ಮಣ್ಣು ಕೊಡವಿಕೊಂಡು, ಮನೆಗೊಬ್ಬರಂತೆ ಊಟಕ್ಕೆ ಬರುತ್ತಿದ್ದರು. ನೀಲವ್ವನ ಪಾಲಿಗೆ ಬಂದವನು ಯಾನ್. ಮೊದಲು ಅವನನ್ನು ಅಣ್ಣಾ ಎನ್ನುತ್ತಿದ್ದವಳು ಈಗ ತಮ್ಮಾ ಎನ್ನುತ್ತಾಳೆ, ಅವನಿಗಿನ್ನೂ ಇಪ್ಪತ್ತೆರಡೇ. ರೊಟ್ಟಿಗೆ ಕೆಂಪು ಮೆಣಸಿನಕಾಯಿಯ ರಂಜಕ ಹಚ್ಚಿ ಬಾಯಿಗಿಟ್ಟೊಡನೆ ಅವನ ಕಣ್ಣು ತುಂಬುತ್ತಿತ್ತು. ಪಾಪ, ತಾಯ್ನಾಡು ನೆನಪಾಯಿತೆಂದು ಬಾಗಿಲಲ್ಲಿ ನೆರೆದ ಓಣಿಯ ಹೆಂಗಸರೂ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

ಮೂವತ್ತನೆಯ ವರ್ಷ ಯಾನ್ ಮೆಲ್ಲಗೆ ಕೇಳಿದ: "ಯಕ್ಕಾ, ರಂಜಕದಾಗ ಖಾರ ಸ್ವಲ್ಪ ಕಡಿಮಿ ಹಾಕ್ತಿಯೇನು?"

ರೊಟ್ಟಿ ಬಡಿಯುತ್ತಿದ್ದ ನೀಲವ್ವನ ಕೈ ನಿಂತಿತು. "ಇಷ್ಟು ವರ್ಷ ಅತ್ತದ್ದು ಇದಕ್ಕೇನೋ ತಮ್ಮಾ? ಮೊದಲ ಯಾಕ ಹೇಳಲಿಲ್ಲ?"

"ಅಂಜಿಕಿ ಬಂತು," ಎಂದ, ಊರಿಗಾಗಿ ಗುಂಡುಗಳಿಗೆ ಎದೆಯೊಡ್ಡಿ ಸತ್ತವನು.