ಅಚ್ಚರಿಯ ತಾಲೀಮು

ವಿಜ್ಞಾನದ ಮೇಷ್ಟ್ರಿಗೆ ಸಿಟ್ಟು ಬಂದರೆ ಕಪ್ಪು ಹಲಗೆಯೂ ಬಿಳುಚಿಕೊಳ್ಳುತ್ತಿತ್ತು. ಮರುದಿನದ ಮಾದರಿ ಪಾಠಕ್ಕೆ ಅಂದು ಕೊನೆಯ ತಾಲೀಮು. ಅವರ ಕೂಗಿಗೆ ಮೂರು ಊರಿನ ಕಾಗೆಗಳು ಗೂಡು ಬಿಟ್ಟು ಹಾರಿದ್ದವು.

"ಆಶ್ಚರ್ಯ ಪಡ್ರೋ ಕತ್ತೆಗಳಾ! ಬೇಯಿಸಿದ ಮೊಟ್ಟೆ ತಾನಾಗೇ ಬಾಟ್ಲಿಯೊಳಗೆ ಇಳೀತು ಅಂದ್ರೆ ಹೀಗಾ ಆಕಳಿಸೋದು?"

"ದಿನಾ ಇಳಿಯುತ್ತಲ್ಲ ಸಾರ್," ಎಂದಳು ಮುಂದಿನ ಸಾಲಿನ ಹುಡುಗಿ.

"ನಾಳೆ ಅಧಿಕಾರಿಗಳ ಮುಂದೆ ಆಕಳಿಸಿದ್ರೆ ಚರ್ಮ ಸುಲೀತೀನಿ! ಈ ಪಾಠ ಜಿಲ್ಲೆಗೆ ಆಯ್ಕೆ ಆಗ್ಲೇಬೇಕು!"

ಮರುದಿನ ಅಧಿಕಾರಿಗಳು ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಮೇಷ್ಟ್ರು ಉರಿಯುವ ಕಾಗದವನ್ನು ಬಾಟಲಿಯೊಳಗೆ ಹಾಕಿ, ಸುಲಿದ ಮೊಟ್ಟೆಯನ್ನು ಅದರ ಬಾಯಿಗಿಟ್ಟರು. ಕಾಗದ ಆರಿತು. ಮೊಟ್ಟೆ ಮಾತ್ರ ಬೆಟ್ಟದ ಬಂಡೆಯಂತೆ ಕೂತಲ್ಲೇ ಕೂತಿತು.

ಮಕ್ಕಳು ಕಣ್ಣರಳಿಸಿ ಎದ್ದು ನಿಂತರು.

"ಸಾರ್, ಇವತ್ಯಾಕೆ ಇಳೀಲಿಲ್ಲ?"

"ಹೊರಗಿನ ಗಾಳಿ ತಳ್ಳಲಿಲ್ವಾ?"

"ಬಾಟ್ಲಿ ಎಲ್ಲೋ ಬಿರುಕು ಬಿಟ್ಟಿರ್ಬೇಕು, ತೆಗೀರಿ ಸಾರ್, ನೋಡೋಣ!"

ಇಡೀ ತರಗತಿ ಮೇಜಿನ ಮೇಲೆ ದಂಡೆತ್ತಿ ಬಂತು. ಮೇಷ್ಟ್ರ ನೆತ್ತಿ ದೋಸೆ ಹುಯ್ಯುವಷ್ಟು ಕಾದಿತ್ತು.

"ಬಾಯ್ಮುಚ್ಚಿ ಕೂತ್ಕೊಳ್ರೋ! ಮಾನ ಕಳೆದ್ರಲ್ಲೋ!" ಎಂದು ಬೆತ್ತ ಎತ್ತಿದರು.

ಅಧಿಕಾರಿಗಳು ಓಡಿ ಬಂದು ಆ ಕೈ ಹಿಡಿದು ಕುಲುಕಿದರು.

"ಬೈಬೇಡ್ರಿ ಮೇಷ್ಟ್ರೇ! ಮಕ್ಕಳು ಹೀಗೆ ಪ್ರಶ್ನೆ ಕೇಳಿದ್ದನ್ನ ನನ್ನ ಸರ್ವೀಸಲ್ಲೇ ನೋಡಿಲ್ಲ. ಜಿಲ್ಲೆಗೆ ನೀವೇ ಹೋಗ್ತಿದ್ದೀರಿ. ಅಲ್ಲೂ ಮೊಟ್ಟೆ ಹೀಗೇ ಇಳೀದೆ ಕೂತಿರಬೇಕು, ಚೆನ್ನಾಗಿ ತಾಲೀಮು ಮಾಡ್ಸಿ!"